ಕಾಣದ ದನಿ ಎಲ್ಲಿ ನಿಂತು ಮಾತಾಡುತ್ತಿದೆ? ಸಿನಿಮಾ, ಟೀವಿಯ ವಾಯ್ಸ್ ಓವರ್ ಬಗ್ಗೆ

ಪರದೆಯ ಮೇಲೆ ಒಬ್ಬಳು ಕಿಟಕಿ ಪಕ್ಕ ಕೂತು ಪತ್ರ ಓದುತ್ತಿದ್ದಾಳೆ. ತುಟಿ ಅಲುಗಾಡುತ್ತಿಲ್ಲ. ಆದರೂ ನಮಗೆ ಒಂದು ದನಿ ಕೇಳಿಸುತ್ತದೆ. ಅದು ಅವಳ ಮನಸ್ಸಿನ ಮಾತಿರಬಹುದು, ಪತ್ರ ಬರೆದವನ ದನಿ ಇರಬಹುದು, ಎಷ್ಟೋ ವರ್ಷ ಆದಮೇಲೆ ಅಮ್ಮನನ್ನು ನೆನೆಸಿಕೊಳ್ಳುತ್ತಿರುವ ಮಗಳ ದನಿ ಇರಬಹುದು, ಇಲ್ಲವೇ ಈ ಕಥೆಯಲ್ಲಿ ಎಲ್ಲೂ ಇಲ್ಲದ, ಹೆಸರೂ ಇಲ್ಲದ ಒಬ್ಬ ನಿರೂಪಕನದೂ ಇರಬಹುದು. ಶಾಟ್ ಅದೇ. ಆದರೆ ಮಗಳ ದನಿ ಬಂದರೆ ಅಮ್ಮ ಈಗ ಇಲ್ಲವೇನೋ ಅನಿಸುತ್ತದೆ. ಪತ್ರ ಬರೆದವನ ದನಿ ಬಂದರೆ ಅವನು ಇವಳ ಮನಸ್ಸಿನಲ್ಲೇ ಕೂತಿದ್ದಾನೆ ಅನಿಸುತ್ತದೆ. ನಿರೂಪಕ ಮಾತಾಡಿದರೆ, ಇವಳಿಗೆ ಗೊತ್ತಿಲ್ಲದ್ದೇನನ್ನೋ ನಮಗೆ ಹೇಳುತ್ತಾನೆ ಅಂತ ಕಿವಿ ನಿಮಿರುತ್ತದೆ.

ಇದೇ ವಾಯ್ಸ್ ಓವರ್, ಅಂದರೆ ಹಿನ್ನೆಲೆ ನಿರೂಪಣೆ. ಕಥೆಯ ಗೊಂದಲ ಸರಿಮಾಡೋಕೆ, ಸಮಯ ಉಳಿಸೋಕೆ ಇರುವ ಒಂದು ಅನುಕೂಲ ಅಂತ ಎಷ್ಟೋ ಜನ ಇದನ್ನು ನೋಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಒಂದು ಪಾತ್ರಕ್ಕೆ ನಟನನ್ನು ಆರಿಸುವಷ್ಟೇ ದೊಡ್ಡ ತೀರ್ಮಾನ ಇದು. ಯಾರು ಮಾತಾಡುತ್ತಿದ್ದಾರೆ, ಕಥೆ ನಡೆದ ಎಷ್ಟು ಕಾಲದ ಮೇಲೆ ನಿಂತು ಮಾತಾಡುತ್ತಿದ್ದಾರೆ, ಅವರಿಗೆ ಎಷ್ಟು ಗೊತ್ತು, ಇಷ್ಟನ್ನು ಕೇಳಿಕೊಂಡರೆ ಯಾವ ವಾಯ್ಸ್ ಓವರ್ ಕೆಲಸ ಮಾಡುತ್ತಿದೆ, ಯಾವುದು ಸುಮ್ನೆ ಜಾಗ ತುಂಬುತ್ತಿದೆ ಅನ್ನೋದು ತನ್ನಷ್ಟಕ್ಕೆ ಗೊತ್ತಾಗುತ್ತದೆ.

ಮೊದಲು ಒಂದು ಚಿಕ್ಕ ವ್ಯತ್ಯಾಸ ಹೇಳಿಬಿಡುತ್ತೇನೆ. ಚಿತ್ರಕಥೆ ಬರೆಯುವಾಗ ಪಾತ್ರದ ಹೆಸರಿನ ಮುಂದೆ ವಿ.ಓ. ಅಂತಲೋ ಓ.ಎಸ್. ಅಂತಲೋ ಬರೆಯುತ್ತಾರೆ. ಮಾತಾಡುವವರು ಅದೇ ಜಾಗದಲ್ಲಿದ್ದು ಕ್ಯಾಮೆರಾಗೆ ಮಾತ್ರ ಕಾಣದಿದ್ದರೆ, ಉದಾಹರಣೆಗೆ ಬಾಗಿಲ ಆಚೆ ನಿಂತು ಕೂಗಿದರೆ, ಅದು ಓ.ಎಸ್., ಅಂದರೆ ಆಫ್ ಸ್ಕ್ರೀನ್. ಕ್ಯಾಮೆರಾ ತಿರುಗಿಸಿದರೆ ಅವರು ಸಿಗುತ್ತಾರೆ. ದನಿ ಆ ಜಾಗದ್ದೇ ಅಲ್ಲದಿದ್ದರೆ ಅದು ವಿ.ಓ. ನಿರೂಪಕನದು, ನೆನಪಿನದು, ಫೋನಿನ ಆ ಕಡೆಯವರದು ಎಲ್ಲಾ ಇದರಲ್ಲಿ ಬರುತ್ತದೆ. ಕ್ಯಾಮೆರಾವನ್ನು ಎಷ್ಟು ತಿರುಗಿಸಿದರೂ ಅವರು ಸಿಗುವುದಿಲ್ಲ. ಈ ಸಿಗದಿರುವ ಗುಣವೇ ವಾಯ್ಸ್ ಓವರ್‌ಗೆ ಅಷ್ಟೊಂದು ಶಕ್ತಿ ಕೊಡುವುದು. ಕಂಡ ಮನುಷ್ಯನನ್ನು ನಾವು ಅಳೆಯುತ್ತೇವೆ, ಮುಖ ನೋಡಿ ಸುಳ್ಳು ಹೇಳುತ್ತಿದ್ದಾನಾ ಅಂತ ಹುಡುಕುತ್ತೇವೆ. ಕಾಣದ ದನಿಯನ್ನು ಅಳೆಯೋಕೆ ನಮಗೆ ಏನೂ ಸಿಗುವುದಿಲ್ಲ, ಹಾಗಾಗಿ ಸುಲಭವಾಗಿ ನಂಬಿಬಿಡುತ್ತೇವೆ.

ಸಿನಿಮಾ ಜೊತೆ ನಿರೂಪಣೆಯ ನಂಟು ಹಳೆಯದು. ಮೂಕಿ ಕಾಲದಲ್ಲೇ ಜಪಾನಿನ ಚಿತ್ರಮಂದಿರಗಳಲ್ಲಿ ಬೆನ್ಶಿ ಅನ್ನುವ ಕಲಾವಿದರು ಪರದೆಯ ಪಕ್ಕ ನಿಂತು ಕಥೆ ಹೇಳುತ್ತಿದ್ದರು, ಎಲ್ಲಾ ಪಾತ್ರಗಳಿಗೂ ತಾವೇ ಮಾತು ಕೊಡುತ್ತಿದ್ದರು. ಅವರ ಹೆಸರು ನೋಡಿಯೇ ಜನ ಟಿಕೆಟ್ ತೆಗೆದುಕೊಳ್ಳುತ್ತಿದ್ದದ್ದೂ ಉಂಟು. ಸಿನಿಮಾಗೆ ಮಾತು ಬಂದ ಮೇಲೆ ಆ ದನಿ ಧ್ವನಿಪಥದೊಳಗೆ ಸೇರಿಕೊಂಡಿತು. 1940ರ ದಶಕದ ಹಾಲಿವುಡ್ ಅಪರಾಧ ಚಿತ್ರಗಳು ಇದನ್ನು ಚೆನ್ನಾಗಿ ಪಳಗಿಸಿಕೊಂಡವು.

ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 1944ರ 'ಡಬಲ್ ಇಂಡೆಮ್ನಿಟಿ' ನೋಡಿ. ಗುಂಡೇಟು ತಿಂದ ವಿಮಾ ಏಜೆಂಟ್ ಒಬ್ಬ ರಾತ್ರಿ ಆಫೀಸಿಗೆ ಬಂದು, ಮಾತು ರೆಕಾರ್ಡ್ ಮಾಡುವ ಡಿಕ್ಟಾಫೋನ್ ಯಂತ್ರದ ಮುಂದೆ ಕೂತು, ಕೊಲೆ ಮಾಡಿದ್ದು ನಾನೇ, ದುಡ್ಡೂ ಸಿಗಲಿಲ್ಲ, ಹೆಣ್ಣೂ ಸಿಗಲಿಲ್ಲ ಅಂತ ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತಾನೆ. ಕೊಲೆಗಾರ ಯಾರು ಅನ್ನುವ ಕುತೂಹಲ ಅಲ್ಲಿಗೆ ಮುಗಿಯಿತು ಅಲ್ವಾ? ಆದರೆ ಸಿನಿಮಾ ಸಪ್ಪೆ ಆಗುವುದಿಲ್ಲ. ಅವನು ಆ ಹೆಣ್ಣನ್ನು ಮೊದಲ ಸಲ ನೋಡಿ ನಗುವಾಗ, ಚುರುಕಾಗಿ ಮಾತಾಡುವಾಗ, ಈ ನಗು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಮಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರುವುದಿಲ್ಲ. ಸರಿಯಾಗಿ ಹೇಳಬೇಕು ಅಂದರೆ ಮಾತಾಡುತ್ತಿರುವ ಅವನಿಗೆ ಗೊತ್ತು, ಕಾಣುತ್ತಿರುವ ಅವನಿಗೆ ಗೊತ್ತಿಲ್ಲ. ಒಬ್ಬನೇ ಮನುಷ್ಯ ಇಬ್ಬರಾಗಿದ್ದಾನೆ. ವಾಯ್ಸ್ ಓವರ್ ಇಲ್ಲದೆ ಇದನ್ನು ಮಾಡುವುದು ಬಹಳ ಕಷ್ಟ.

ಅದೇ ವೈಲ್ಡರ್ 1950ರ 'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ಇನ್ನೂ ಮುಂದೆ ಹೋದ. ಅಲ್ಲಿ ಕಥೆ ಹೇಳುವವನು ಈಜುಕೊಳದಲ್ಲಿ ಹೆಣವಾಗಿ ತೇಲುತ್ತಿದ್ದಾನೆ. ಮೊದಲು ತೆಗೆದ ಆರಂಭ ಬೇರೆ ಇತ್ತು, ಶವಾಗಾರದಲ್ಲಿ ಹೆಣಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಜನ ನಕ್ಕುಬಿಟ್ಟರು, ಅದನ್ನು ತೆಗೆದುಹಾಕಿದರು. ಸತ್ತವನು ಕಥೆ ಹೇಳುತ್ತಾನೆ ಅನ್ನುವುದು ಮಾತ್ರ ಉಳಿಯಿತು. ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸುವುದು ಇದು: ಹೆಣಗಳು ತಮ್ಮಲ್ಲೇ ಮಾತಾಡಿಕೊಂಡರೆ ನಗು ಬರುತ್ತದೆ, ಅದೇ ಒಂದು ಹೆಣದ ದನಿ ಹಿನ್ನೆಲೆಯಲ್ಲಿ ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಕಾಣದ ದನಿಗೆ ನಾವು ಎಷ್ಟು ಸಲಿಗೆ ಕೊಡುತ್ತೇವೆ ನೋಡಿ.

ಟೀವಿಗೆ ಈ ಕಾಲದ ಅಂತರ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಧಾರಾವಾಹಿ ವರ್ಷಗಟ್ಟಲೆ ಓಡುತ್ತದೆ, ನಡುವೆ ಬಂದು ಸೇರಿಕೊಳ್ಳುವವರು ಇರುತ್ತಾರೆ, ಸಂಚಿಕೆಗಳನ್ನು ಪೋಣಿಸುವ ಒಂದು ದಾರ ಬೇಕಾಗುತ್ತದೆ. 1988ರಲ್ಲಿ ಅಮೆರಿಕದಲ್ಲಿ ಶುರುವಾದ 'ದಿ ವಂಡರ್ ಇಯರ್ಸ್'ನಲ್ಲಿ ಕಾಣುವವನು ಹುಡುಗ, ಮಾತಾಡುವವನು ದೊಡ್ಡವನಾದ ಅದೇ ಹುಡುಗ, ಅವನಿಗೆ ದನಿ ಕೊಟ್ಟಿದ್ದು ಬೇರೆ ನಟ. ಹುಡುಗನಿಗೆ ಜಗತ್ತೇ ಮುಳುಗಿಹೋಯಿತು ಅನಿಸುವ ಅವಮಾನವನ್ನು ದೊಡ್ಡವನ ದನಿ ಮಮತೆಯಿಂದ ನೋಡುತ್ತದೆ. ನಾವು ಎರಡನ್ನೂ ಒಟ್ಟಿಗೆ ಅನುಭವಿಸುತ್ತೇವೆ, ಆ ನೋವನ್ನೂ, ಅದು ಮಾಯುತ್ತದೆ ಅನ್ನುವುದನ್ನೂ.

ಅದೇ 1988ರಲ್ಲಿ ದೂರದರ್ಶನದಲ್ಲಿ ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಶುರುವಾಯಿತು. ಅಲ್ಲಿ ಕಥೆ ಹೇಳುವುದು ಸಾಕ್ಷಾತ್ ಕಾಲ. ಹರೀಶ್ ಭಿಮಾನಿ ಅವರ ದನಿಯಲ್ಲಿ 'ಮೈ ಸಮಯ್ ಹೂಂ' ಅಂತ ಅದು ತನ್ನನ್ನು ಪರಿಚಯ ಮಾಡಿಕೊಳ್ಳುತ್ತದೆ. ಇದು ಬಹಳ ಜಾಣ ಆಯ್ಕೆ. ಅಷ್ಟು ದೊಡ್ಡ ಕಥೆಯನ್ನು ಪೂರ್ತಿ ಕಂಡ ಒಬ್ಬ ಪಾತ್ರ ಸಿಗುವುದು ಕಷ್ಟ. ಯಾರೋ ಹೆಸರಿಲ್ಲದ ನಿರೂಪಕ ಹೇಳಿದರೆ ಅವನಿಗೆ ಇದೆಲ್ಲಾ ಹೇಗೆ ಗೊತ್ತು ಅನ್ನುವ ಪ್ರಶ್ನೆ ಬರುತ್ತದೆ. ಕಾಲವೇ ಹೇಳಿದರೆ ಆ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಅದು ಆಗಲೂ ಇತ್ತು, ಈಗಲೂ ಇದೆ. ಎಲ್ಲಿ ನಿಂತು ಮಾತಾಡುತ್ತಿದ್ದೀಯ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇನ್ನೊಂದನ್ನು ನಾನು ಕಂಡಿಲ್ಲ.

'ಕೆಜಿಎಫ್'ನಲ್ಲಿ ಬೇರೆಯೇ ಥರದ ಲೆಕ್ಕಾಚಾರ ಇದೆ. 2018ರ ಮೊದಲ ಭಾಗದಲ್ಲಿ ಅನಂತ್ ನಾಗ್ ಅವರ ಪಾತ್ರ, 2022ರ ಎರಡನೇ ಭಾಗದಲ್ಲಿ ಪ್ರಕಾಶ್ ರಾಜ್ ಅವರ ಪಾತ್ರ ಟೀವಿಯವರ ಎದುರು ಕೂತು ರಾಕಿಯ ಕಥೆ ಹೇಳುತ್ತದೆ. ನಾಯಕ ತನ್ನ ಬಗ್ಗೆ ತಾನೇ ಅಷ್ಟೆಲ್ಲಾ ಹೇಳಿಕೊಂಡಿದ್ದರೆ ಅದು ಜಂಭ ಆಗುತ್ತಿತ್ತು. ಇನ್ನೊಬ್ಬ, ಅದೂ ವಯಸ್ಸಾದ, ಬರೆಯುವ ಮನುಷ್ಯ ಹೇಳಿದಾಗ ಅದು ದಂತಕಥೆ ಆಗುತ್ತದೆ. ಅವನು ಸ್ವಲ್ಪ ಹೆಚ್ಚಿಸಿ ಹೇಳುತ್ತಿದ್ದಾನೇನೋ ಅನಿಸಿದರೂ ತೊಂದರೆ ಇಲ್ಲ, ದಂತಕಥೆಗಳು ಬೆಳೆಯುವುದೇ ಹಾಗೆ.

ಹಾಗಾದರೆ ನಿರೂಪಕರಿಗೆ ಎಲ್ಲಾ ಗೊತ್ತಿರಲೇಬೇಕಾ? ಬೇಡ. ನನ್ನ ಮಟ್ಟಿಗೆ ಅತಿ ಸೊಗಸಾದ ವಾಯ್ಸ್ ಓವರ್‌ಗಳು ಕಡಿಮೆ ಗೊತ್ತಿರುವವರದ್ದು. ಟೆರೆನ್ಸ್ ಮಾಲಿಕ್ ಅವರ 1978ರ 'ಡೇಸ್ ಆಫ್ ಹೆವನ್'ನಲ್ಲಿ ದೊಡ್ಡವರ ಪ್ರೇಮ, ಮೋಸ, ಅಸೂಯೆ ಎಲ್ಲಾ ನಡೆಯುತ್ತದೆ. ಹೇಳುವವಳು ಮಾತ್ರ ಜೊತೆಯಲ್ಲಿರುವ ಒಬ್ಬ ಹುಡುಗಿ. ಎಡಿಟಿಂಗ್ ಮಾಡುತ್ತಾ ಬಹಳಷ್ಟು ಸಂಭಾಷಣೆ ಕತ್ತರಿಸಿದ ಮೇಲೆ, ಆ ಪಾತ್ರ ಮಾಡಿದ ಲಿಂಡಾ ಮಾಂಜ್ ತನಗೆ ತೋಚಿದಂತೆ ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಅದರಿಂದ ಆಯ್ದು ಸೇರಿಸಿದರು. ಅವಳ ಮಾತು ಕಥೆಯ ಮುಖ್ಯ ಘಟನೆಗಳ ಪಕ್ಕದಲ್ಲೇ ಹೋಗುತ್ತಿರುತ್ತದೆ, ಎಷ್ಟೋ ಸಲ ಮುಟ್ಟುವುದೇ ಇಲ್ಲ. ಏನು ನಡೆಯುತ್ತಿದೆ ಅಂತ ಅವಳಿಗಿಂತ ನಮಗೇ ಜಾಸ್ತಿ ಗೊತ್ತಾಗುತ್ತದೆ. ಮಾತಿಗೂ ಚಿತ್ರಕ್ಕೂ ನಡುವೆ ಬಿಟ್ಟ ಆ ಜಾಗವನ್ನು ನೋಡುವವರೇ ತುಂಬಿಕೊಳ್ಳಬೇಕು.

ಸುಳ್ಳು ಹೇಳುವ ನಿರೂಪಕರೂ ಇದ್ದಾರೆ, ತಮಗೆ ತಾವೇ ಮೋಸ ಮಾಡಿಕೊಳ್ಳುವವರೂ ಇದ್ದಾರೆ. ಅಂಥ ಸಿನಿಮಾಗಳ ಹೆಸರು ಹೇಳಿದರೆ ಕಥೆಯ ಗುಟ್ಟೇ ಬಯಲಾಗುತ್ತದೆ, ಹಾಗಾಗಿ ಬಿಡುತ್ತೇನೆ. ಕಾಣದ ದನಿಯ ಮೇಲೆ ನಮಗಿರುವ ನಂಬಿಕೆ ಗಟ್ಟಿ ಇರುವುದರಿಂದಲೇ ಆ ತಂತ್ರ ಅಷ್ಟು ಜೋರಾಗಿ ಹೊಡೆಯುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಇನ್ನು ಬೇಡದ ವಾಯ್ಸ್ ಓವರ್. 1982ರ 'ಬ್ಲೇಡ್ ರನ್ನರ್' ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಕೊಡಲೇಬೇಕಾದದ್ದು ಕೂಡ. ಬಿಡುಗಡೆಗೆ ಮುಂಚೆ ನೋಡಿದವರಿಗೆ ಕಥೆ ಗೊಂದಲ ಅನಿಸಿದ್ದರಿಂದ, ಥಿಯೇಟರಿಗೆ ಬಂದ ಆವೃತ್ತಿಯಲ್ಲಿ ನಾಯಕನ ನಿರೂಪಣೆ ಇತ್ತು. 1992ರ ಆವೃತ್ತಿಯಲ್ಲಿ ಅದನ್ನು ತೆಗೆದರು. ಕೊನೆಯ ಭಾಗದಲ್ಲಿ, ನಾಯಕನನ್ನು ಕೊಲ್ಲಬಹುದಾಗಿದ್ದ ಎದುರಾಳಿ ಅವನನ್ನು ಉಳಿಸಿ, ಮಳೆಯಲ್ಲಿ ಕೂತು ಸಾಯುತ್ತಾನೆ. ಮೊದಲ ಆವೃತ್ತಿಯಲ್ಲಿ ಆಗ ನಾಯಕನ ದನಿ ಬಂದು, ಇವನು ನನ್ನನ್ನು ಯಾಕೆ ಉಳಿಸಿದನೋ, ಕೊನೇ ಗಳಿಗೆಯಲ್ಲಿ ಬದುಕಿನ ಮೇಲೆ ಪ್ರೀತಿ ಹೆಚ್ಚಿತೇನೋ ಅನ್ನುವ ಅರ್ಥದಲ್ಲಿ ವಿವರಿಸುತ್ತದೆ. ಎರಡನೆಯದರಲ್ಲಿ ಮಳೆ ಇದೆ, ನಾಯಕನ ಮುಖ ಇದೆ, ಅಷ್ಟೇ. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಮಾತು ಏನನ್ನು ಕಿತ್ತುಕೊಂಡಿತ್ತು ಅಂತ ಗೊತ್ತಾಗುತ್ತದೆ. ನಮ್ಮೊಳಗೆ ಹುಟ್ಟುತ್ತಿದ್ದ ಯೋಚನೆಯನ್ನು ಅದು ನಮಗಿಂತ ಮುಂಚೆ ಹೇಳಿಬಿಟ್ಟಿತ್ತು.

ಕೊನೆಯಲ್ಲಿ ಸೇರಿಸಿದ್ದಕ್ಕೇ ಅದು ಕೆಟ್ಟಿತು ಅಂತಲ್ಲ. 'ಡೇಸ್ ಆಫ್ ಹೆವನ್'ನದೂ ಆಮೇಲೆ ಸೇರಿಸಿದ್ದೇ. 1979ರ 'ಅಪಾಕಲಿಪ್ಸ್ ನೌ'ಗೂ ಚಿತ್ರೀಕರಣ ಮುಗಿದ ಮೇಲೆ, ವಿಯೆಟ್ನಾಂ ಯುದ್ಧವನ್ನು ಅಲ್ಲೇ ಇದ್ದು ವರದಿ ಮಾಡಿದ್ದ ಮೈಕಲ್ ಹರ್ ನಿರೂಪಣೆ ಬರೆದರು, ಆ ಸಿನಿಮಾವನ್ನು ಅದಿಲ್ಲದೆ ನೆನೆಸಿಕೊಳ್ಳುವುದೇ ಕಷ್ಟ. ಕಂಡದ್ದನ್ನೇ ಮತ್ತೆ ಹೇಳಬೇಡಿ ಅನ್ನುವ ನಿಯಮವೂ ಪೂರ್ತಿ ನಿಜವಲ್ಲ. ರಾಬರ್ಟ್ ಬ್ರೆಸಾನ್ ಅವರ 1951ರ 'ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್'ನಲ್ಲಿ ಪಾದ್ರಿಯ ಕೈ ದಿನಚರಿ ಬರೆಯುವುದು ಕಾಣುತ್ತದೆ, ಅದನ್ನೇ ಅವನ ದನಿ ಓದುತ್ತದೆ, ಕೆಲವು ಕಡೆ ಅದೇ ಸಂಗತಿ ದೃಶ್ಯವಾಗಿಯೂ ಬರುತ್ತದೆ. ಒಂದೇ ವಿಷಯ ಮತ್ತೆ ಮತ್ತೆ. ಆದರೆ ಅಲ್ಲಿ ಅದು ನಮಗೆ ಅರ್ಥ ಮಾಡಿಸೋಕೆ ಬಂದದ್ದಲ್ಲ. ತನ್ನ ಬದುಕನ್ನು ತಾನೇ ಬರೆದು, ಓದಿ, ತಿರುಗಿ ನೋಡುವ ಒಂಟಿ ಮನುಷ್ಯನ ಚಡಪಡಿಕೆ ಆ ಪುನರಾವರ್ತನೆಯಲ್ಲೇ ಇದೆ. ನೋಡುವವರ ಬುದ್ಧಿಯ ಮೇಲೆ ನಂಬಿಕೆ ಇಲ್ಲದೆ ಬರೆದ ವಾಯ್ಸ್ ಓವರ್ ಒಂದು, ಪಾತ್ರಕ್ಕೆ ಬೇಕಾಗಿ ಬಂದ ವಾಯ್ಸ್ ಓವರ್ ಇನ್ನೊಂದು. ಮೊದಲನೆಯದನ್ನು ಪ್ರೇಕ್ಷಕರು ತಕ್ಷಣ ಕಂಡುಹಿಡಿಯುತ್ತಾರೆ.

ಈಗ ಸಾಕ್ಷ್ಯಚಿತ್ರಕ್ಕೆ ಬರೋಣ. ಇಲ್ಲಿ ವಿಷಯ ಗಂಭೀರ ಆಗುತ್ತದೆ, ಯಾಕೆಂದರೆ ಇಲ್ಲಿ ದನಿ ಕಥೆ ಹೇಳುವುದಿಲ್ಲ, ನಿಜ ಹೇಳುತ್ತೇನೆ ಅನ್ನುತ್ತದೆ.

ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1957ರ 'ಲೆಟರ್ ಫ್ರಮ್ ಸೈಬೀರಿಯಾ'ದಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಯಾಕುತ್ಸ್ಕ್ ಊರಿನ ಬೀದಿ, ಒಂದು ಬಸ್ಸು, ರಸ್ತೆ ಕೆಲಸ ಮಾಡುವ ಕೂಲಿಗಳು, ಕ್ಯಾಮೆರಾ ಕಡೆ ನೋಡುತ್ತಾ ಹಾದುಹೋಗುವ ಒಬ್ಬ ಮನುಷ್ಯ. ಇವೇ ಶಾಟ್‌ಗಳನ್ನು ಮೂರು ಸಲ ತೋರಿಸುತ್ತಾರೆ, ಪ್ರತಿ ಸಲ ನಿರೂಪಣೆ ಬೇರೆ. ಒಂದರಲ್ಲಿ ಸೋವಿಯತ್ ವ್ಯವಸ್ಥೆಯ ಹೊಗಳಿಕೆ, ಇನ್ನೊಂದರಲ್ಲಿ ತೆಗಳಿಕೆ, ಮೂರನೆಯದು ಯಾವ ಕಡೆಗೂ ವಾಲದಂತೆ ಕೇಳಿಸುವ ಮಾತು. ಹೊಗಳಿಕೆ ಕೇಳುವಾಗ ಕೂಲಿಗಳು ಖುಷಿಯಿಂದ ದುಡಿಯುವಂತೆ ಕಾಣುತ್ತಾರೆ, ತೆಗಳಿಕೆ ಕೇಳುವಾಗ ಅದೇ ಕೂಲಿಗಳು ಗುಲಾಮರಂತೆ ಕಾಣುತ್ತಾರೆ. ಚಿತ್ರದ ಒಂದು ಫ್ರೇಮ್ ಕೂಡ ಬದಲಾಗಿಲ್ಲ. ವಾಯ್ಸ್ ಓವರ್ ಬಗ್ಗೆ ಕಲಿಯಬೇಕು ಅನ್ನುವವರು ಇದೊಂದು ತುಣುಕು ನೋಡಿದರೆ ಅರ್ಧ ಪಾಠ ಮುಗಿದಂತೆ. ಮೂರನೆಯ, ತಟಸ್ಥ ಅನಿಸುವ ಮಾತೂ ನಮ್ಮನ್ನು ತನಗೆ ಬೇಕಾದ ಕಡೆಗೇ ಒಯ್ಯುತ್ತದೆ ಅನ್ನುವುದು ಆ ಪಾಠದ ಕಷ್ಟದ ಭಾಗ.

ಹಳೆಯ ಸಾಕ್ಷ್ಯಚಿತ್ರ, ನ್ಯೂಸ್‌ರೀಲ್‌ಗಳ ಗಂಭೀರ, ಅಧಿಕಾರದ ದನಿಯನ್ನು ದೇವರ ದನಿ ಅಂತಲೇ ಕರೆಯುವುದುಂಟು. ಹೆಚ್ಚಾಗಿ ಅದು ಗಂಡು ದನಿ, ಮೇಲಿನಿಂದ ಎಲ್ಲವನ್ನೂ ನೋಡಿ ತೀರ್ಪು ಹೇಳುವ ದನಿ. ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇತ್ತು. 1930, 40ರ ದಶಕದ ಧ್ವನಿ ಉಪಕರಣಗಳು ಭಾರ. ಬೀದಿಯಲ್ಲಿ, ಗದ್ದೆಯಲ್ಲಿ, ಕಾರ್ಖಾನೆಯಲ್ಲಿ ಜನರ ಮಾತನ್ನು ಚಿತ್ರದ ಜೊತೆಗೇ ರೆಕಾರ್ಡ್ ಮಾಡುವುದು ದೊಡ್ಡ ಸಾಹಸ ಆಗಿತ್ತು. ಹಾಗಾಗಿ ಮೂಕ ಚಿತ್ರ ತಂದು, ಸ್ಟುಡಿಯೊದಲ್ಲಿ ಒಬ್ಬರ ಕೈಲಿ ಮಾತಾಡಿಸುತ್ತಿದ್ದರು. 1960ರ ಹೊತ್ತಿಗೆ ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾ, ಅದರ ಜೊತೆ ಹೊಂದಿಕೊಂಡು ಓಡುವ ಟೇಪ್ ರೆಕಾರ್ಡರ್ ಬಂದವು. ಜನ ತಮ್ಮ ಮಾತು ತಾವೇ ಆಡುವಂತಾಯಿತು. ಫ್ರೆಡ್ರಿಕ್ ವೈಸ್‌ಮನ್ ಥರದವರು ಹಿನ್ನೆಲೆ ನಿರೂಪಣೆ ಇಲ್ಲದೆಯೇ ದೊಡ್ಡ ದೊಡ್ಡ ಸಾಕ್ಷ್ಯಚಿತ್ರ ಮಾಡಿದರು. ಹಾಗಂತ ಅವುಗಳಲ್ಲಿ ನಿರ್ದೇಶಕನ ಅಭಿಪ್ರಾಯ ಇಲ್ಲ ಅಂತಲ್ಲ, ಯಾವ ಶಾಟ್ ಆದಮೇಲೆ ಯಾವುದು ಅನ್ನುವುದರಲ್ಲಿ ಅದು ಇದೆ.

ಪ್ರಾಣಿಗಳ ಚಿತ್ರಗಳಲ್ಲಂತೂ ದನಿಯದೇ ಕಾರುಬಾರು. 2005ರ ಪೆಂಗ್ವಿನ್ ಸಾಕ್ಷ್ಯಚಿತ್ರ 'ಮಾರ್ಚ್ ಆಫ್ ದಿ ಪೆಂಗ್ವಿನ್ಸ್' ಮೂಲದಲ್ಲಿ ಫ್ರೆಂಚ್. ಅದರಲ್ಲಿ ಪೆಂಗ್ವಿನ್‌ಗಳೇ ನಾನು, ನಾವು ಅಂತ ಮಾತಾಡುತ್ತವೆ, ನಟರು ಅವುಗಳಿಗೆ ದನಿ ಕೊಟ್ಟಿದ್ದಾರೆ. ಅಮೆರಿಕಕ್ಕೆ ಬಂದಾಗ ಅದನ್ನು ತೆಗೆದು, ನಟ ಮಾರ್ಗನ್ ಫ್ರೀಮನ್ ಅವರಿಂದ ಹೊರಗೆ ನಿಂತು ಹೇಳುವ ನಿರೂಪಣೆ ಹಾಕಿಸಿದರು. ಅದೇ ಹಿಮ, ಅದೇ ಹಕ್ಕಿಗಳು, ಒಂದು ಕಡೆ ಕುಟುಂಬದ ಕಥೆ, ಇನ್ನೊಂದು ಕಡೆ ನಿಸರ್ಗದ ಪಾಠ. ನನಗೆ ಎರಡನೆಯದೇ ಇಷ್ಟ, ಹಕ್ಕಿಯ ಮನಸ್ಸಿನಲ್ಲಿ ಏನಿದೆ ಅಂತ ಹೇಳುವ ಧೈರ್ಯವನ್ನು ಅದು ಸ್ವಲ್ಪ ಕಡಿಮೆ ಮಾಡುತ್ತದೆ.

ಈ ನಂಬಿಕೆ ಹುಟ್ಟಿಸುವುದರಲ್ಲಿ ರೆಕಾರ್ಡಿಂಗ್‌ನ ಪಾಲೂ ದೊಡ್ಡದು. ಪಾತ್ರಗಳ ಮಾತಿನಲ್ಲಿ ಆ ಕೋಣೆಯ ಗುಂಗು, ಬೀದಿಯ ಸದ್ದು ಬೆರೆತಿರುತ್ತದೆ. ವಾಯ್ಸ್ ಓವರ್ ಅನ್ನು ಪ್ರತಿಧ್ವನಿ ಇಲ್ಲದ ಬೂತ್‌ನಲ್ಲಿ, ಮೈಕ್ ಬಾಯಿಗೆ ಹತ್ತಿರ ಇಟ್ಟು ತೆಗೆಯುತ್ತಾರೆ. ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕ್ ಹತ್ತಿರ ಬಂದಷ್ಟೂ ದನಿಯ ತಗ್ಗಿನ ಸ್ವರಗಳು ದಪ್ಪ ಆಗುತ್ತವೆ. ಜಾಗದ ಗುರುತೇ ಇಲ್ಲದ, ಹತ್ತಿರದ, ತುಂಬಿದ ದನಿ. ಅದು ಪರದೆಯಿಂದ ಬಂದಂತೆ ಅನಿಸುವುದಿಲ್ಲ, ನಮ್ಮ ತಲೆಯೊಳಗೇ ಹುಟ್ಟಿದಂತೆ ಅನಿಸುತ್ತದೆ. ಮಿಕ್ಸಿಂಗ್‌ನಲ್ಲಿ ಮಾತು ಬಂದ ಕಡೆ ಸಂಗೀತವನ್ನು ತಗ್ಗಿಸಿ, ಮುಗಿದ ಮೇಲೆ ಎತ್ತುತ್ತಾರೆ. ನಮಗೆ ಗೊತ್ತಾಗದಂತೆ ಎಲ್ಲಾ ಆ ದನಿಗೆ ದಾರಿ ಬಿಡುತ್ತಿರುತ್ತವೆ.

ಬರೆಯುವವರಿಗೆ ಒಂದು ಮಾತು. ವಾಯ್ಸ್ ಓವರ್ ಕಣ್ಣಿಗಲ್ಲ, ಕಿವಿಗೆ ಬರೆಯುವ ಬರಹ. ಓದುವಾಗ ತಡವರಿಸಿದರೆ ವಾಪಸ್ ಹೋಗಿ ಓದಬಹುದು, ಕೇಳುವಾಗ ಆಗುವುದಿಲ್ಲ. ಕನ್ನಡದಲ್ಲಿ ಪದಗಳು ಉದ್ದ, ವಿಭಕ್ತಿ ಸೇರಿಕೊಂಡು ಇನ್ನೂ ಉದ್ದ ಆಗುತ್ತವೆ, ಹಾಗಾಗಿ ಇಂಗ್ಲಿಷ್ ಲೆಕ್ಕದಲ್ಲಿ ಪದ ಎಣಿಸಿ ಬರೆದರೆ ಓದುವವರು ಉಸಿರು ಬಿಡದೆ ಓಡಬೇಕಾಗುತ್ತದೆ. ಬರೆದದ್ದನ್ನು ಜೋರಾಗಿ ಓದಿ ಗಡಿಯಾರ ನೋಡಿ. ಎಡಿಟಿಂಗ್ ನಡೆಯುವಾಗಲೇ ನಿಮ್ಮದೇ ದನಿಯಲ್ಲಿ ಒಂದು ಪೈಲಟ್ ಟ್ರ್ಯಾಕ್, ಅಂದರೆ ತಾತ್ಕಾಲಿಕ ನಿರೂಪಣೆ ಹಾಕಿ ಚಿತ್ರದ ಜೊತೆ ಕೂರಿಸಿ ನೋಡಿ. ಮಾತು ಚಿತ್ರಕ್ಕಿಂತ ಒಂದು ಕ್ಷಣ ಮುಂಚೆ ಬಂದರೆ ಕಣ್ಣು ಅದನ್ನೇ ಹುಡುಕುತ್ತದೆ. ಚಿತ್ರ ಮೊದಲು ಬಂದು ಮಾತು ಆಮೇಲೆ ಬಂದರೆ, ನೋಡುವವರು ತಮ್ಮ ಅರ್ಥ ಮಾಡಿಕೊಂಡಿರುತ್ತಾರೆ, ನಿಮ್ಮ ಮಾತು ಅದಕ್ಕೆ ಏನಾದರೂ ಸೇರಿಸಬೇಕು. ಎಷ್ಟೋ ಕಡೆ ಸರಿಯಾದ ತೀರ್ಮಾನ ಅಂದರೆ ಅಲ್ಲಿ ಸುಮ್ಮನಿರುವುದು.

ದನಿ ಯಾರದು ಅನ್ನುವುದರ ತೂಕ ನೋಡಬೇಕಾದರೆ ಅಮಿತಾಭ್ ಬಚ್ಚನ್ ಅವರನ್ನು ತೆಗೆದುಕೊಳ್ಳಿ. 1969ರಲ್ಲಿ ಮೃಣಾಲ್ ಸೇನ್ ಅವರ 'ಭುವನ್ ಶೋಮ್'ಗೆ ನಿರೂಪಣೆ ಕೊಟ್ಟಾಗ ಅವರು ಯಾರು ಅಂತ ಜನರಿಗೆ ಗೊತ್ತಿರಲಿಲ್ಲ. ಅದು ಬರೀ ಒಂದು ಒಳ್ಳೆಯ ದನಿ. 2001ರ 'ಲಗಾನ್' ಹೊತ್ತಿಗೆ ಅವರು ಬಾಯಿ ತೆರೆದರೆ ಅಷ್ಟು ವರ್ಷದ ಸಿನಿಮಾಗಳೂ ಜೊತೆಗೆ ಬರುತ್ತಿದ್ದವು. ಕೆಲಸ ಅದೇ, ಆದರೆ ಎರಡನೆಯದರಲ್ಲಿ ಕಥೆಗೆ ಒಂದು ಗತ್ತು ಸಾಲವಾಗಿ ಸಿಕ್ಕಿತು.

ಈಗ ಈ ಪ್ರಶ್ನೆ ಇನ್ನೂ ಚೂಪಾಗಿದೆ. 2021ರಲ್ಲಿ ಬಂದ 'ರೋಡ್‌ರನ್ನರ್' ಸಾಕ್ಷ್ಯಚಿತ್ರ, 2018ರಲ್ಲಿ ತೀರಿಕೊಂಡ ಬಾಣಸಿಗ, ಲೇಖಕ ಆಂಟನಿ ಬೋರ್ಡೇನ್ ಬಗ್ಗೆ. ಅವರು ಬರೆದಿದ್ದ, ಆದರೆ ಮೈಕ್ ಮುಂದೆ ಎಂದೂ ಓದದ ಕೆಲವು ಸಾಲುಗಳನ್ನು ಕೃತಕ ಬುದ್ಧಿಮತ್ತೆಯಿಂದ ಅವರದೇ ದನಿಯಲ್ಲಿ ಹೇಳಿಸಿದ್ದರು. ಇದು ನೋಡುವವರಿಗೆ ಸಿನಿಮಾದಲ್ಲಿ ತಿಳಿಯಲಿಲ್ಲ, ನಿರ್ದೇಶಕರ ಸಂದರ್ಶನದಿಂದ ತಿಳಿಯಿತು. ದೊಡ್ಡ ಚರ್ಚೆಯೇ ಆಯಿತು. ಪದಗಳು ಅವರವೇ ತಾನೇ ಅಂತ ಕೆಲವರು ಅಂದರು. ನಾನು ಇದನ್ನು ಒಪ್ಪುವುದಿಲ್ಲ. ಪದ ಅವರದಾಗಿರಬಹುದು, ಎಲ್ಲಿ ನಿಲ್ಲಿಸಬೇಕು, ಯಾವ ಪದ ನುಂಗಬೇಕು, ಎಲ್ಲಿ ದನಿ ನಡುಗಬೇಕು ಅಂತ ತೀರ್ಮಾನಿಸಿದ್ದು ಅವರಲ್ಲ. ವಾಯ್ಸ್ ಓವರ್‌ನಲ್ಲಿ ಅರ್ಧ ಅರ್ಥ ಇರುವುದೇ ಅಲ್ಲಿ. ಆ ಸಾಲುಗಳನ್ನು ಬೇರೆ ನಟರ ಕೈಲಿ ಓದಿಸಬಹುದಿತ್ತು, ಅಕ್ಷರವಾಗಿ ಪರದೆಯ ಮೇಲೆ ತೋರಿಸಬಹುದಿತ್ತು, ಕೊನೇಪಕ್ಷ ಈ ದನಿ ಕೃತಕ ಅಂತ ಅದು ಬರುವ ಜಾಗದಲ್ಲೇ ಒಂದು ಸಾಲು ಹಾಕಬಹುದಿತ್ತು.